ಈಥ್0 ಎಲ್ಲಿ ಹೋಯ್ತು? ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಪೋರ್ಟ್‌ಗಳ ಹೆಸರು ಓದುವುದು, ಬೇಕಾದಾಗ ನಮ್ಮದೇ ಹೆಸರು ಇಡುವುದು

ಎರಡು ನೆಟ್‌ವರ್ಕ್ ಪೋರ್ಟ್ ಇರುವ ಒಂದು ಲಿನಕ್ಸ್ ಪೆಟ್ಟಿಗೆ ಇದೆ ಅಂದುಕೊಳ್ಳಿ. ಒಂದು ಪೋರ್ಟಿಗೆ ಫೈಬರ್ ಮೋಡೆಮ್‌ನ ಕೇಬಲ್, ಇನ್ನೊಂದಕ್ಕೆ ಆಫೀಸಿನ ಸ್ವಿಚ್. ಫೈರ್‌ವಾಲ್ ನಿಯಮಗಳೆಲ್ಲ ಹೆಸರಿನ ಮೇಲೆ ನಿಂತಿವೆ: ಈಥ್0 ಹೊರಗಿನದು, ಈಥ್1 ಒಳಗಿನದು. ಕರೆಂಟ್ ಹೋಗಿ ಬಂದ ಮೇಲೆ ಈ ಎರಡು ಹೆಸರೂ ಅದಲುಬದಲಾದರೆ ಏನಾಗುತ್ತದೆ? ಆಫೀಸಿನವರಿಗೆ ಅಂತ ತೆರೆದಿಟ್ಟಿದ್ದೆಲ್ಲ ಇಂಟರ್ನೆಟ್ಟಿಗೆ ತೆರೆದುಕೊಳ್ಳುತ್ತದೆ. ಯಾವ ಎರರ್ ಕೂಡ ಬರುವುದಿಲ್ಲ. ನಿಯಮಗಳೆಲ್ಲ ಸರಿಯಾಗೇ ಲೋಡ್ ಆಗಿರುತ್ತವೆ, ತಪ್ಪು ಪೋರ್ಟಿನ ಮೇಲೆ ಅಷ್ಟೇ.

ಹಳೇ ಪದ್ಧತಿಯಲ್ಲಿ ಇದು ನಿಜಕ್ಕೂ ಆಗುತ್ತಿತ್ತು. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಮೊದಲು ಸಿಕ್ಕ ಕಾರ್ಡು ಈಥ್0, ಆಮೇಲೆ ಸಿಕ್ಕಿದ್ದು ಈಥ್1. ಕ್ಲಿನಿಕ್ಕಿನಲ್ಲಿ ಬಂದವರಿಗೆ ಬಂದ ಹಾಗೆ ಟೋಕನ್ ಕೊಡುತ್ತಾರಲ್ಲ, ಹಾಗೆ. ಡ್ರೈವರ್‌ಗಳು ಒಂದಾದ ಮೇಲೆ ಒಂದು ಲೋಡ್ ಆಗುವವರೆಗೆ ಕ್ರಮ ಹೆಚ್ಚು ಕಡಿಮೆ ಒಂದೇ ಇರುತ್ತಿತ್ತು. ಬೂಟ್ ಬೇಗ ಆಗಲಿ ಅಂತ ಎಲ್ಲ ಡ್ರೈವರ್‌ಗಳೂ ಒಟ್ಟಿಗೇ ಓಡತೊಡಗಿದ ಮೇಲೆ ಯಾರಿಗೆ ಮೊದಲ ಟೋಕನ್ ಅಂತ ಹೇಳುವ ಹಾಗಿರಲಿಲ್ಲ.

ಇದಕ್ಕೆ ಮೊದಲು ಬಂದ ಮದ್ದು, ಹಾರ್ಡ್‌ವೇರ್ ಸಿಕ್ಕಾಗ ಅದನ್ನು ಗುರುತಿಸಿ ಹೆಸರಿಡುವ ಯುಡೆವ್‌ನ ಒಂದು ಫೈಲು. ಯಾವ ಮ್ಯಾಕ್ ವಿಳಾಸಕ್ಕೆ (ಪ್ರತಿ ಕಾರ್ಡಿಗೂ ಇರುವ ಗುರುತಿನ ಸಂಖ್ಯೆ) ಯಾವ ಹೆಸರು ಅಂತ ಅದು ತಾನೇ ಬರೆದಿಟ್ಟುಕೊಳ್ಳುತ್ತಿತ್ತು. ಕೇಳಲು ಚೆನ್ನಾಗಿದೆ. ಆದರೆ ಕೆಟ್ಟ ಕಾರ್ಡ್ ತೆಗೆದು ಹೊಸದು ಹಾಕಿದರೆ ಅದಕ್ಕೆ ಈಥ್2 ಅಂತ ಹೆಸರು ಬರುತ್ತಿತ್ತು. ವರ್ಚುವಲ್ ಮೆಷಿನ್ ಒಂದನ್ನು ಕ್ಲೋನ್ ಮಾಡಿದರೆ ಹೊಸದರಲ್ಲಿ ಈಥ್0 ಇರುತ್ತಲೇ ಇರಲಿಲ್ಲ, ಸೀದಾ ಈಥ್1. 2011ರಲ್ಲಿ ಫೆಡೋರಾ 15ರ ಜೊತೆ ಡೆಲ್ ಕಂಪನಿಯ ಬಯೋಸ್‌ಡೆವ್‌ನೇಮ್ ಬಂತು. ಮದರ್‌ಬೋರ್ಡಿನ ಪೋರ್ಟಿಗೆ ಇಎಂ1, ಸ್ಲಾಟಿನ ಕಾರ್ಡಿಗೆ ಪಿ1ಪಿ1, ಹೀಗೆ ಕಾರ್ಡು ಕೂತ ಜಾಗದ ಮೇಲೆ ಹೆಸರು. 2013ರ ಜನವರಿಯಲ್ಲಿ, ಬೂಟ್ ಆಗುವಾಗ ಸೇವೆಗಳನ್ನು ಶುರು ಮಾಡುವ ಸಿಸ್ಟಂಡಿಯ 197ನೇ ಆವೃತ್ತಿ ಇದೇ ವಿಚಾರವನ್ನು ತನ್ನದೇ ರೀತಿಯಲ್ಲಿ ಒಳಗೆ ಸೇರಿಸಿಕೊಂಡಿತು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7, ಉಬುಂಟು 15.10, ಡೆಬಿಯನ್ 9, ಹೀಗೆ ಒಂದೊಂದಾಗಿ ಎಲ್ಲರೂ ಆ ಕಡೆಗೇ ಬಂದರು. ಈಗ ನಿಮ್ಮ ಸ್ಕ್ರೀನಿನಲ್ಲಿ ಕಾಣುವ ಇಎನ್‌ಪಿ3ಎಸ್0 ಅನ್ನುವ ವಿಚಿತ್ರ ಹೆಸರಿನ ಮೂಲ ಅದೇ.

ಮುಂದಕ್ಕೆ ಹೋಗುವ ಮೊದಲು ಒಂದು ಮಾತು. ಕಮಾಂಡ್, ಫೈಲಿನ ಹೆಸರು, ಪೋರ್ಟಿನ ಹೆಸರು ಎಲ್ಲವನ್ನೂ ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ಬೇರೆ ಹೇಳದಿದ್ದರೆ ಎಲ್ಲವೂ ಸಣ್ಣ ಅಕ್ಷರ.

ಹಂತ 1: ಈಗಿರುವ ಹೆಸರನ್ನು ಓದಿ

ಟರ್ಮಿನಲ್ ತೆರೆದು "ಐಪಿ -ಬಿಆರ್ ಲಿಂಕ್" ಕಮಾಂಡ್ ಕೊಡಿ. ಒಂದೊಂದು ಸಾಲಿಗೆ ಒಂದೊಂದು ಪೋರ್ಟ್, ಅದರ ಸ್ಥಿತಿ ಮತ್ತು ಮ್ಯಾಕ್ ವಿಳಾಸ ಬರುತ್ತದೆ. ಎಲ್‌ಒ ಅನ್ನುವುದನ್ನು ಬಿಟ್ಟುಬಿಡಿ, ಅದು ಕಂಪ್ಯೂಟರ್ ತನ್ನ ಜೊತೆ ತಾನೇ ಮಾತಾಡಲು ಇಟ್ಟುಕೊಂಡಿದ್ದು. ಡಾಕರ್0, ವೆಥ್ ಅಂತ ಶುರುವಾಗುವವು ಬರೀ ಸಾಫ್ಟ್‌ವೇರ್. ಅವುಗಳ ಹಿಂದೆ ಯಾವ ಕಾರ್ಡೂ ಇಲ್ಲ, ಹಾಗಾಗಿ ಈ ಲೆಕ್ಕ ಅವಕ್ಕೆ ಹತ್ತುವುದಿಲ್ಲ.

ಉಳಿದ ಹೆಸರುಗಳ ಮೊದಲ ಎರಡು ಅಕ್ಷರ ಪೋರ್ಟಿನ ಜಾತಿ ಹೇಳುತ್ತದೆ. ಇಎನ್ ಅಂದರೆ ಕೇಬಲ್ ಹಾಕುವ ಈಥರ್ನೆಟ್. ಡಬ್ಲ್ಯುಎಲ್ ಅಂದರೆ ವೈಫೈ. ಡಬ್ಲ್ಯುಡಬ್ಲ್ಯು ಅಂದರೆ ಸಿಮ್ ಹಾಕುವ ಮೋಡೆಮ್. ಅದರ ಮುಂದಿನ ಅಕ್ಷರದಲ್ಲಿ ಇರುವುದು ವಿಳಾಸ.

ಒ ಬಂದರೆ, ಉದಾಹರಣೆಗೆ ಇಎನ್‌ಒ1, ಅದು ಮದರ್‌ಬೋರ್ಡಿನ ಮೇಲೇ ಇರುವ ಪೋರ್ಟ್. ಅದರ ಸಂಖ್ಯೆಯನ್ನು ಬಯೋಸ್ (ಮದರ್‌ಬೋರ್ಡಿನೊಳಗೇ ಇರುವ ಪ್ರೋಗ್ರಾಂ) ಹೇಳಿದೆ. ಎಸ್ ಬಂದರೆ, ಇಎನ್‌ಎಸ್1ರ ಹಾಗೆ, ಅದು ಕಾರ್ಡ್ ಸಿಕ್ಕಿಸುವ ಸ್ಲಾಟಿನ ಸಂಖ್ಯೆ. ಇದನ್ನೂ ಬಯೋಸ್ ಕಡೆಯಿಂದಲೇ ತಿಳಿಯುವುದು. ವಿಎಂವೇರ್ ಬಳಸಿದವರಿಗೆ ಇಎನ್‌ಎಸ್33, ಇಎನ್‌ಎಸ್192 ಪರಿಚಯ ಇರುತ್ತದೆ. ಪಿ ಬಂದರೆ ಪಿಸಿಐ ದಾರಿ, ಅಂದರೆ ಮದರ್‌ಬೋರ್ಡಿಗೆ ಕಾರ್ಡು, ಚಿಪ್ಪುಗಳನ್ನು ಜೋಡಿಸುವ ದಾರಿ: ಪಿ ಆದ ಮೇಲೆ ಬಸ್ ಸಂಖ್ಯೆ, ಎಸ್ ಆದ ಮೇಲೆ ಆ ಬಸ್ಸಿನಲ್ಲಿ ಎಷ್ಟನೇ ಸಾಧನ, ಎಫ್ ಇದ್ದರೆ ಆ ಸಾಧನದ ಎಷ್ಟನೇ ಫಂಕ್ಷನ್. ಎರಡು ಪೋರ್ಟಿನ ಕಾರ್ಡ್ ಸಾಮಾನ್ಯವಾಗಿ ಇಎನ್‌ಪಿ3ಎಸ್0ಎಫ್0, ಇಎನ್‌ಪಿ3ಎಸ್0ಎಫ್1 ಅಂತ ಜೋಡಿಯಾಗಿ ಕಾಣುತ್ತದೆ. ಫೈರ್‌ವಾಲ್‌ಗೆ ಅಂತ ಮಾರುವ ನಾಲ್ಕು ಪೋರ್ಟಿನ ಮಿನಿ ಪಿಸಿಗಳಲ್ಲಿ ಒಂದೊಂದು ಪೋರ್ಟಿಗೂ ಬೇರೆ ಬೇರೆ ಚಿಪ್ ಇರುವುದೇ ಜಾಸ್ತಿ. ಅದಕ್ಕೇ ಅಲ್ಲಿ ಇಎನ್‌ಪಿ1ಎಸ್0ದಿಂದ ಇಎನ್‌ಪಿ4ಎಸ್0ವರೆಗೆ ಬಸ್ ಸಂಖ್ಯೆಯೇ ಬದಲಾಗುತ್ತಾ ಹೋಗುತ್ತದೆ.

ಸಿಸ್ಟಂಡಿ ನೋಡುವ ಕ್ರಮವೂ ಇದೇ. ಮೊದಲು ಮದರ್‌ಬೋರ್ಡಿನ ಸಂಖ್ಯೆ ಇದೆಯಾ, ಇಲ್ಲದಿದ್ದರೆ ಸ್ಲಾಟ್ ಗೊತ್ತಾ, ಅದೂ ಇಲ್ಲದಿದ್ದರೆ ಪಿಸಿಐ ದಾರಿ. ನಮ್ಮ ಮನೆ, ಆಫೀಸಿನ ಸಾಧಾರಣ ಪಿಸಿಗಳಲ್ಲಿ ಬಯೋಸ್ ಏನೂ ಹೇಳದೆ ಸುಮ್ನಿರುವುದೇ ಹೆಚ್ಚು. ಹಾಗಾಗಿ ಪಿ ಇರುವ ಹೆಸರೇ ಜಾಸ್ತಿ ಕಾಣುವುದು.

ಇಲ್ಲೊಂದು ಕಡೆ ಬಹಳ ಜನ ಎಡವುತ್ತಾರೆ. "ಎಲ್‌ಎಸ್‌ಪಿಸಿಐ" ಕಮಾಂಡ್ ಬಸ್ ಮತ್ತು ಸಾಧನದ ಸಂಖ್ಯೆಯನ್ನು ಹೆಕ್ಸ್ ಲೆಕ್ಕದಲ್ಲಿ (ಹದಿನಾರರ ಲೆಕ್ಕ, 9 ಆದ ಮೇಲೆ ಎಯಿಂದ ಎಫ್‌ವರೆಗೆ) ತೋರಿಸುತ್ತದೆ, ಪೋರ್ಟಿನ ಹೆಸರು ಮಾತ್ರ ನಮ್ಮ ಮಾಮೂಲಿ ಹತ್ತರ ಲೆಕ್ಕದಲ್ಲಿರುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಪದೇಪದೇ ಸಿಗುವ ಇಎನ್‌ಪಿ0ಎಸ್31ಎಫ್6 ತೆಗೆದುಕೊಳ್ಳಿ. ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ 31 ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಅಲ್ಲಿರುವುದು 00:1ಎಫ್.6. ಹೆಕ್ಸ್‌ನ 1ಎಫ್ ಅಂದರೆ 16 ಕೂಡಿಸು 15, ಅದೇ 31. ಸರ್ವರ್‌ಗಳಲ್ಲಿ ಇಎನ್‌ಪಿ59ಎಸ್0ಎಫ್0 ಅಂತ ಕಂಡರೆ ಎಲ್‌ಎಸ್‌ಪಿಸಿಐನಲ್ಲಿ 3ಬಿ:00.0 ಹುಡುಕಬೇಕು. ಬಸ್ ಸಂಖ್ಯೆ 9 ದಾಟುವವರೆಗೆ ಎರಡೂ ಒಂದೇ ಥರ ಕಾಣುವುದರಿಂದ ಈ ವ್ಯತ್ಯಾಸ ಸಣ್ಣ ಮೆಷಿನ್‌ಗಳಲ್ಲಿ ಗೊತ್ತೇ ಆಗುವುದಿಲ್ಲ.

ಯುಎಸ್‌ಬಿ ಅಡಾಪ್ಟರ್‌ಗಳ ಕಥೆ ಬೇರೆ. ಇವತ್ತು ಎಡಗಡೆ ಸಿಕ್ಕಿಸಿದ್ದನ್ನು ನಾಳೆ ಬಲಗಡೆ ಸಿಕ್ಕಿಸುತ್ತೇವೆ. ಜಾಗ ನೋಡಿ ಹೆಸರಿಟ್ಟರೆ ದಿನಕ್ಕೊಂದು ಹೆಸರಾಗುತ್ತದೆ. ಅದಕ್ಕೆ ಡೆಬಿಯನ್, ಉಬುಂಟು ಇವುಗಳಿಗೆ ಇಎನ್‌ಎಕ್ಸ್ ಅಂತ ಹಾಕಿ ಪಕ್ಕಕ್ಕೆ ಇಡೀ ಮ್ಯಾಕ್ ವಿಳಾಸವನ್ನೇ ಅಂಟಿಸುತ್ತವೆ. ಮೂರು ಅಕ್ಷರ, ಹನ್ನೆರಡು ಅಂಕಿ, ಒಟ್ಟು 15. ಲಿನಕ್ಸ್‌ನಲ್ಲಿ ಪೋರ್ಟಿನ ಹೆಸರಿಗೆ ಇರುವ ಮಿತಿಯೂ ಸರಿಯಾಗಿ 15 ಅಕ್ಷರವೇ.

ಹಂತ 2: ಯಾವ ಹೆಸರು ಯಾವ ತೂತು?

ಹೆಸರು ಓದಲು ಬಂದರೂ ಪೆಟ್ಟಿಗೆಯ ಹಿಂದೆ ನಿಂತಾಗ ಯಾವುದು ಯಾವ ಪೋರ್ಟ್ ಅಂತ ಗೊತ್ತಾಗಬೇಕಲ್ವಾ? ಪೆಟ್ಟಿಗೆಯ ಮೇಲೆ ಅಚ್ಚಾದ 1, 2, 3, 4 ಅನ್ನು ನಂಬಬೇಡಿ. ಅದು ಬಸ್ ಸಂಖ್ಯೆಯ ಕ್ರಮದಲ್ಲೇ ಇರಬೇಕು ಅಂತ ಎಲ್ಲೂ ಇಲ್ಲ.

ಒಳ್ಳೆಯ ಉಪಾಯ "ಈಥ್‌ಟೂಲ್ -ಪಿ ಇಎನ್‌ಪಿ3ಎಸ್0 10". ಪಿ ಸಣ್ಣಕ್ಷರ, ಕಮಾಂಡಿನ ಶುರುವಿಗೆ ಸುಡೊ (ಅಡ್ಮಿನ್ ಅಧಿಕಾರ) ಹಾಕಿ. ಕಾರ್ಡ್ ಒಪ್ಪಿದರೆ ಆ ಪೋರ್ಟಿನ ದೀಪ ಹತ್ತು ಸೆಕೆಂಡ್ ಮಿಣುಕುತ್ತದೆ. ಅಗ್ಗದ ಚಿಪ್‌ಗಳಲ್ಲಿ ಕೆಲವು ಇದನ್ನು ಮಾಡುವುದಿಲ್ಲ. ಆಗ ಹಳೇ ದಾರಿ: "ಐಪಿ ಮಾನಿಟರ್ ಲಿಂಕ್" ಓಡಿಸಿಟ್ಟು ಒಂದು ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ. ಯಾವ ಹೆಸರಿನ ಸಾಲು ಬದಲಾಯಿತೋ ಅದೇ ಆ ತೂತಿನ ಹೆಸರು. ಪೋರ್ಟ್ ಡೌನ್ ಆಗಿ ಕೂತಿದ್ದರೆ ಕೇಬಲ್ ಬಂದಿದ್ದೂ ಹೋಗಿದ್ದೂ ತೋರಿಸುವುದಿಲ್ಲ, ಮೊದಲು "ಐಪಿ ಲಿಂಕ್ ಸೆಟ್ ಇಎನ್‌ಪಿ3ಎಸ್0 ಅಪ್" ಮಾಡಿ.

ಸಿಕ್ಕಿದ್ದನ್ನು ಹಾಳೆಯಲ್ಲಿ ಬರೆದುಕೊಳ್ಳಿ: ಪೋರ್ಟ್ ಎಲ್ಲಿದೆ, ಹೆಸರು, ಮ್ಯಾಕ್, ಪಿಸಿಐ ದಾರಿ. ಮ್ಯಾಕ್ ಬರೆಯುವಾಗ "ಈಥ್‌ಟೂಲ್ -ಪಿ" ದೊಡ್ಡಕ್ಷರದ ಪಿ ಹಾಕಿ ಕೇಳಿ. ಕಾರ್ಖಾನೆಯಲ್ಲಿ ಬರೆದ ಮೂಲ ಮ್ಯಾಕ್ ಬರುವುದು ಅದರಿಂದಲೇ. ಪಿಸಿಐ ದಾರಿಗೆ "ಯುಡೆವ್‌ಎಡಿಎಂ ಇನ್ಫೊ" ಬರೆದು ಮುಂದೆ ಸಿಸ್ ಫೋಲ್ಡರಿನ ಕ್ಲಾಸ್, ಅದರೊಳಗೆ ನೆಟ್, ಅದರೊಳಗೆ ಪೋರ್ಟಿನ ಹೆಸರು, ಹೀಗೆ ಪೂರ್ತಿ ವಿಳಾಸ ಕೊಡಿ. ಉತ್ತರದಲ್ಲಿ ಐಡಿ_ಪಾತ್ ಅನ್ನುವ ಸಾಲು ಇರುತ್ತದೆ. ಅದರಲ್ಲಿ ಪಿಸಿಐ-0000:03:00.0 ಅಂತ ಇದ್ದರೆ ಅದನ್ನೇ ಹಾಗೇ ಎತ್ತಿಟ್ಟುಕೊಳ್ಳಿ.

ಹಂತ 3: ಕೈ ಹಾಕುವ ಅಗತ್ಯ ಇದೆಯಾ ನೋಡಿ

ಒಂದೇ ಪೋರ್ಟಿನ ಲ್ಯಾಪ್‌ಟಾಪ್ ಆದರೆ ಇಲ್ಲಿಗೇ ನಿಲ್ಲಿಸಿ. ನೆಟ್‌ವರ್ಕ್ ಮ್ಯಾನೇಜರ್ ನೋಡಿಕೊಳ್ಳುತ್ತದೆ, ಹೆಸರು ಏನಿದ್ದರೂ ನಿಮಗೆ ಲೆಕ್ಕಕ್ಕೇ ಬರುವುದಿಲ್ಲ.

ಫೈರ್‌ವಾಲ್, ಪ್ರಾಕ್ಸ್‌ಮಾಕ್ಸ್ ಥರದ ವರ್ಚುವಲೈಸೇಶನ್ ಸರ್ವರ್, ದೂರದ ಯಾವುದೋ ಕೋಣೆಯಲ್ಲಿ ಮಾನಿಟರ್ ಇಲ್ಲದೆ ಕೂತಿರುವ ಪೆಟ್ಟಿಗೆ, ಇವಕ್ಕೆ ಮಾತ್ರ ಸುಮ್ನೆ ಬಿಡುವುದು ಒಳ್ಳೆಯದಲ್ಲ ಅನ್ನುವುದು ನನ್ನ ಅಭಿಪ್ರಾಯ. ಯಾಕೆಂದರೆ ಜಾಗದ ಮೇಲೆ ಇಟ್ಟ ಹೆಸರೂ ಪೂರ್ತಿ ಗಟ್ಟಿಯಲ್ಲ. ಪಿಸಿಐ ಬಸ್ ಸಂಖ್ಯೆ ಬೋರ್ಡಿನ ಮೇಲೆ ಕೊರೆದಿಟ್ಟದ್ದಲ್ಲ. ಪ್ರತಿ ಬೂಟಿನಲ್ಲೂ ಸ್ಲಾಟುಗಳನ್ನು ಎಣಿಸುತ್ತಾ ಹೋಗುವಾಗ ಸಿಗುವ ಸಂಖ್ಯೆ ಅದು. ಅದೇ ಹಾರ್ಡ್‌ವೇರ್ ಇರುವವರೆಗೆ ಎಣಿಕೆ ಒಂದೇ. ನಡುವೆ ಒಂದು ಎನ್‌ವಿಎಂಇ ಡಿಸ್ಕ್ ಅಥವಾ ಗ್ರಾಫಿಕ್ಸ್ ಕಾರ್ಡ್ ಸೇರಿಸಿದರೆ ಅದರ ಮುಂದಿನದ್ದೆಲ್ಲ ಒಂದೊಂದು ಸ್ಥಾನ ಸರಿಯಬಹುದು. ನಿನ್ನೆಯ ಇಎನ್‌ಪಿ3ಎಸ್0 ಇವತ್ತು ಇಎನ್‌ಪಿ4ಎಸ್0. ವರ್ಚುವಲ್ ಮೆಷಿನ್‌ಗಳನ್ನು ಆ ಪೋರ್ಟಿಗೆ ಸೇರಿಸುವ ಬ್ರಿಡ್ಜ್ ಇನ್ನೂ ಹಳೇ ಹೆಸರನ್ನೇ ಕಾಯುತ್ತಾ ಕೂತಿರುತ್ತದೆ, ಸರ್ವರ್ ನೆಟ್‌ವರ್ಕಿನಿಂದ ಮಾಯ. ಡಿಸ್ಕ್ ಹಾಕಿದರೆ ನೆಟ್ ಯಾಕೆ ಹೋಯಿತು ಅಂತ ತಲೆ ಕೆರೆದುಕೊಳ್ಳುವವರಿಗೆ ಉತ್ತರ ಹೆಚ್ಚಾಗಿ ಇದೇ.

ಹಾರ್ಡ್‌ವೇರ್ ಮುಟ್ಟದಿದ್ದರೂ ಹೆಸರು ಬದಲಾಗುವುದುಂಟು. ಕರ್ನಲ್ ಅಪ್‌ಗ್ರೇಡ್ ಆದ ಮೇಲೆ ಡ್ರೈವರ್ ತನ್ನ ಪೋರ್ಟಿನ ಹೆಸರನ್ನು ಹೊಸದಾಗಿ ಹೇಳಲು ಶುರು ಮಾಡಿದರೆ ಇಎನ್‌ಪಿ59ಎಸ್0ಎಫ್0 ಇದ್ದದ್ದು ಬಾಲ ಬೆಳೆಸಿಕೊಂಡು ಇಎನ್‌ಪಿ59ಎಸ್0ಎಫ್0ಎನ್‌ಪಿ0 ಆಗುತ್ತದೆ. ಸರ್ವರ್ ಕಾರ್ಡುಗಳಲ್ಲಿ ಇದನ್ನು ಕಂಡವರು ಬೇಕಾದಷ್ಟು ಜನ.

ಹಂತ 4: ಹೆಸರನ್ನು ಯಾವುದಕ್ಕೆ ಕಟ್ಟುವುದು, ಜಾಗಕ್ಕಾ ಮ್ಯಾಕ್‌ಗಾ?

ಇಡೀ ಕೆಲಸದಲ್ಲಿ ತಲೆ ಓಡಿಸಬೇಕಾದ್ದು ಇಲ್ಲಿ ಮಾತ್ರ. ಉಳಿದದ್ದು ಟೈಪಿಂಗ್.

ಈ ಪೆಟ್ಟಿಗೆಯಲ್ಲಿ ಮುಂದೆ ಬದಲಾಗುವ ಸಾಧ್ಯತೆ ಯಾವುದಕ್ಕೆ ಜಾಸ್ತಿ ಅಂತ ಕೇಳಿಕೊಳ್ಳಿ. ಕಾರ್ಡ್ ಕೆಟ್ಟರೆ ಅದೇ ಸ್ಲಾಟಿಗೆ ಅಂಥದ್ದೇ ಇನ್ನೊಂದನ್ನು ಹಾಕಿ ಬರುವ ಜಾಗವಾ? ಒಂದೇ ಥರದ ಇಪ್ಪತ್ತು ಪೆಟ್ಟಿಗೆಗೆ ಒಂದೇ ಕಾನ್ಫಿಗ್ ಹಾಕಬೇಕಾ? ಆಗ ಜಾಗಕ್ಕೆ ಕಟ್ಟಿ. ಹೊಸ ಕಾರ್ಡ್ ಬಂದರೂ ಹೆಸರು ಅದೇ, ಯಾರೂ ಲಾಗಿನ್ ಆಗಿ ಏನೂ ತಿದ್ದಬೇಕಾಗಿಲ್ಲ.

ಅದೇ ಮನೆಯ ಸರ್ವರ್ ಆದರೆ ಇವತ್ತು ಡಿಸ್ಕ್, ನಾಳೆ ಗ್ರಾಫಿಕ್ಸ್ ಕಾರ್ಡ್ ಅಂತ ಏನಾದರೂ ಸೇರಿಸುತ್ತಲೇ ಇರುತ್ತೀರಿ. ಬಸ್ ಸಂಖ್ಯೆ ಅಲ್ಲಾಡುತ್ತದೆ, ನೆಟ್‌ವರ್ಕ್ ಕಾರ್ಡ್ ಮಾತ್ರ ಹಾಗೇ ಇರುತ್ತದೆ. ಅಲ್ಲಿ ಮ್ಯಾಕ್‌ಗೆ ಕಟ್ಟುವುದು ಸರಿ. ಯುಎಸ್‌ಬಿ ಅಡಾಪ್ಟರ್‌ಗೂ ಮ್ಯಾಕೇ. ಎರಡನ್ನೂ ಒಂದೇ ಫೈಲಿನಲ್ಲಿ ಹಾಕಿದರೆ ಇನ್ನೂ ಗಟ್ಟಿ ಅಂದುಕೊಳ್ಳಬೇಡಿ. ಆಗ ಎರಡೂ ಹೊಂದಿದರೆ ಮಾತ್ರ ಹೆಸರು ಸಿಗುತ್ತದೆ. ಅಂದರೆ ಕೈ ಕೊಡಲು ಒಂದರ ಬದಲು ಎರಡು ಕಾರಣ.

ಹಂತ 5: ಲಿಂಕ್ ಫೈಲ್ ಬರೆಯಿರಿ

ಇಟಿಸಿ ಫೋಲ್ಡರಿನೊಳಗೆ ಸಿಸ್ಟಂಡಿ, ಅದರೊಳಗೆ ನೆಟ್‌ವರ್ಕ್ ಅನ್ನುವ ಫೋಲ್ಡರಿಗೆ ಹೋಗಿ. ಇಲ್ಲದಿದ್ದರೆ ಮಾಡಿಕೊಳ್ಳಿ. ಅಲ್ಲಿ "10-ವಾನ್0.ಲಿಂಕ್" ಅಂತ ಫೈಲು ತೆರೆದು ಈ ನಾಲ್ಕು ಸಾಲು ಹಾಕಿ:

[ಮ್ಯಾಚ್]
ಪಾತ್=ಪಿಸಿಐ-0000:03:00.0
[ಲಿಂಕ್]
ನೇಮ್=ವಾನ್0

ಮ್ಯಾಚ್, ಪಾತ್, ಲಿಂಕ್, ನೇಮ್ ಈ ನಾಲ್ಕಕ್ಕೂ ಮೊದಲ ಅಕ್ಷರ ದೊಡ್ಡದು. ಮ್ಯಾಕ್‌ಗೆ ಕಟ್ಟುವುದಾದರೆ ಪಾತ್ ಸಾಲಿನ ಬದಲು "ಪರ್ಮನೆಂಟ್‌ಮ್ಯಾಕ್‌ಅಡ್ರೆಸ್" ಅಂತ ಬರೆದು ಮ್ಯಾಕ್ ಕೊಡಿ. ಮೂರೂ ಪದ ಕೂಡಿಸಿ, ಪಿ, ಎಂ, ಎ, ಸಿ, ಎರಡನೇ ಎ, ಇಷ್ಟು ದೊಡ್ಡಕ್ಷರ. ಬರೀ ಮ್ಯಾಕ್‌ಅಡ್ರೆಸ್ ಅಂತ ಬರೆದ ಹಳೇ ಉದಾಹರಣೆಗಳು ನೆಟ್ಟಿನಲ್ಲಿ ತುಂಬ ಇವೆ. ಅದರಲ್ಲಿ ಒಂದು ತೊಡಕು: ಆ ಪೋರ್ಟಿನ ಮೇಲೆ ವಿಲ್ಯಾನ್ (ಒಂದೇ ಕೇಬಲಿನಲ್ಲಿ ಬೇರೆ ಬೇರೆ ನೆಟ್‌ವರ್ಕ್) ಅಥವಾ ಬ್ರಿಡ್ಜ್ ಕಟ್ಟಿದರೆ ಅವೂ ಅದೇ ಮ್ಯಾಕ್ ಹೊತ್ತುಕೊಂಡಿರುತ್ತವೆ, ಒಂದೇ ಹೆಸರಿಗೆ ಎಲ್ಲ ಕೈ ಹಾಕುತ್ತವೆ. ಕಾರ್ಖಾನೆಯ ಮ್ಯಾಕ್ ಇರುವುದು ನಿಜವಾದ ಕಾರ್ಡಿಗೆ ಮಾತ್ರ.

ಫೈಲಿನ ಹೆಸರಿನ ಮುಂದಿರುವ 10ಕ್ಕೆ ಕೆಲಸವಿದೆ. ಸಿಸ್ಟಂಡಿ ಈ ಫೈಲುಗಳನ್ನು ಹೆಸರಿನ ಕ್ರಮದಲ್ಲಿ ಓದುತ್ತದೆ, ಮೊದಲು ಹೊಂದಿದ್ದನ್ನು ಹಿಡಿದು ಉಳಿದವನ್ನು ಬಿಡುತ್ತದೆ. ಅದರ ಸ್ವಂತ ಫೈಲು 99ರಿಂದ ಶುರುವಾಗುತ್ತದೆ, ಹಾಗಾಗಿ ನಿಮ್ಮದು ಅದಕ್ಕಿಂತ ಮೊದಲು ಬರಬೇಕು. ಪ್ರತಿ ಪೋರ್ಟಿಗೆ ಒಂದೊಂದು ಫೈಲು ಮಾಡಿ.

ಹೆಸರು ಯಾವುದಾದರೂ ಇಡಿ, 15 ಅಕ್ಷರದೊಳಗೆ, ಸ್ಪೇಸ್ ಇಲ್ಲದೆ, ಬರೀ ಅಂಕಿ ಅಲ್ಲದೆ. ವಾನ್0 (ಹೊರಗಿನದು), ಲ್ಯಾನ್0 (ಒಳಗಿನದು), ಕ್ಯಾಮೆರಾ0, ಹೀಗೆ ಕೆಲಸ ಹೇಳುವ ಹೆಸರು ಇದ್ದರೆ ಫೈರ್‌ವಾಲ್ ಫೈಲನ್ನು ಬೇರೆಯವರೂ ಓದಬಹುದು. ಈಥ್0 ಅಂತ ಮಾತ್ರ ಇಡಬೇಡಿ. ಕರ್ನಲ್ ಬೂಟಿನಲ್ಲಿ ತಾನೂ ಅದೇ ಹೆಸರು ಹಂಚುತ್ತಿರುತ್ತದೆ. ನೀವು ಕೊಡುವ ಹೊತ್ತಿಗೆ ಅದು ಇನ್ನೊಂದು ಕಾರ್ಡಿಗೆ ಹೋಗಿದ್ದರೆ ಹೆಸರು ಬದಲಾಗುವುದಿಲ್ಲ. ಹಳೇ ಪದ್ಧತಿ ಹಾಳಾಗಿದ್ದಕ್ಕೆ ಇದೂ ಒಂದು ಕಾರಣ.

ಉಬುಂಟು ಸರ್ವರಿನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ಬರೆಯುವ ನೆಟ್‌ಪ್ಲಾನ್ ಇದ್ದರೆ ಮ್ಯಾಕ್ ಹೊಂದಿಸಿ "ಸೆಟ್-ನೇಮ್" ಕೊಟ್ಟರೂ ಇದೇ ಕೆಲಸ ಆಗುತ್ತದೆ. ಎರಡೂ ಕಡೆ ಬರೆಯಬೇಡಿ. ಒಂದೇ ಕಡೆ ಇರಲಿ, ಮುಂದೆ ಹುಡುಕುವವರಿಗೆ ಸುಲಭ.

ಹಂತ 6: ಹಳೇ ಹೆಸರನ್ನು ಹುಡುಕಿ ತೆಗೆಯಿರಿ, ಆಮೇಲೆ ರೀಬೂಟ್

ಹೊಸ ಹೆಸರು ಬರುವ ಮೊದಲೇ ಹಳೆಯದು ಎಲ್ಲೆಲ್ಲಿ ಬರೆದಿದೆ ನೋಡಿ. ಇಟಿಸಿ ಫೋಲ್ಡರಿನ ಮೇಲೆ "ಗ್ರೆಪ್ -ಆರ್ ಇಎನ್‌ಪಿ3ಎಸ್0" ಓಡಿಸಿ. ಇಂಟರ್ಫೇಸಸ್ ಫೈಲು, ನೆಟ್‌ಪ್ಲಾನ್, ನೆಟ್‌ವರ್ಕ್ ಮ್ಯಾನೇಜರ್‌ನ ಕನೆಕ್ಷನ್, ಡಿಎನ್‌ಎಸ್‌ಮಾಸ್ಕ್, ಎನ್‌ಎಫ್‌ಟೇಬಲ್ಸ್, ಎಲ್ಲೆಂದರಲ್ಲಿ ಸಿಗುತ್ತದೆ. ಎಲ್ಲವನ್ನೂ ಹೊಸ ಹೆಸರಿಗೆ ತಿದ್ದಿ. ಎನ್‌ಎಫ್‌ಟೇಬಲ್ಸ್‌ನ ಫೈರ್‌ವಾಲ್ ನಿಯಮಗಳಲ್ಲಿ "ಐಐಎಫ್" ಇದ್ದರೆ ಆ ಹೆಸರಿನ ಪೋರ್ಟ್ ಲೋಡ್ ಆಗುವ ಹೊತ್ತಿಗೆ ಇರಲೇಬೇಕು, ಇಲ್ಲದಿದ್ದರೆ ಲೋಡ್ ನಿಂತುಹೋಗುತ್ತದೆ. "ಐಐಎಫ್‌ನೇಮ್" ಬಳಸಿದರೆ ಆ ತಾಪತ್ರಯ ಇಲ್ಲ.

ಆಮೇಲೆ ಬೂಟಿನ ಶುರುವಿಗೆ ಓಡುವ ಇನಿಟ್‌ರಾಂಎಫ್‌ಎಸ್ ಅನ್ನೂ ಹೊಸದಾಗಿ ಕಟ್ಟಬೇಕು, ಯಾಕೆಂದರೆ ಎಷ್ಟೋ ಸಲ ಹೆಸರು ಬೀಳುವುದು ಅಲ್ಲೇ. ಡೆಬಿಯನ್, ಉಬುಂಟುನಲ್ಲಿ "ಅಪ್‌ಡೇಟ್-ಇನಿಟ್‌ರಾಂಎಫ್‌ಎಸ್ -ಯು". ಫೆಡೋರಾ, ರೆಡ್ ಹ್ಯಾಟ್‌ನಲ್ಲಿ "ಡ್ರಾಕಟ್ -ಎಫ್".

ಈಗ ರೀಬೂಟ್. ನಡೆಯುತ್ತಿರುವ ಪೋರ್ಟಿನ ಹೆಸರನ್ನು ರೀಬೂಟ್ ಇಲ್ಲದೆ ಬದಲಿಸಲು ಹೋಗಿ ಕಾಲ ಕಳೆಯುವುದಕ್ಕಿಂತ ಇದು ಬೇಗ. ಆದರೆ ಎಸ್‌ಎಸ್‌ಎಚ್ ಮೂಲಕ ದೂರದಿಂದ ಕೂತು ರೀಬೂಟ್ ಕೊಡಬೇಡಿ. ಒಂದು ಅಕ್ಷರ ತಪ್ಪಿದ್ದರೂ ಪೆಟ್ಟಿಗೆ ವಾಪಸ್ ಬರುವುದಿಲ್ಲ. ಮಾನಿಟರ್, ಕೀಬೋರ್ಡ್ ಹತ್ತಿರ ಇರಲಿ, ಅಥವಾ ಸರ್ವರಿನ ರಿಮೋಟ್ ಕನ್ಸೋಲ್ ತೆರೆದು ಲಾಗಿನ್ ಆಗುತ್ತದೆ ಅಂತ ಮೊದಲೇ ನೋಡಿಕೊಂಡಿರಿ.

ಎಲ್ಲ ಬಿಟ್ಟು ಈಥ್0ಗೇ ವಾಪಸ್ ಹೋಗಬಹುದಾ?

ಹೋಗಬಹುದು. ಬೂಟ್ ಮಾಡಿಸುವ ಗ್ರಬ್‌ನ ಕರ್ನಲ್ ಸಾಲಿಗೆ "ನೆಟ್.ಐಎಫ್‌ನೇಮ್ಸ್=0" ಸೇರಿಸಿ, ಡೆಬಿಯನ್, ಉಬುಂಟು ಆದರೆ "ಅಪ್‌ಡೇಟ್-ಗ್ರಬ್" ಮಾಡಿದರೆ ಆಯಿತು. ಹಳೇ ಡೆಲ್ ಸರ್ವರ್ ಆದರೆ "ಬಯೋಸ್‌ಡೆವ್‌ನೇಮ್=0" ಕೂಡ ಬೇಕಾಗಬಹುದು. ಒಂದೇ ಪೋರ್ಟಿನ ವರ್ಚುವಲ್ ಮೆಷಿನ್‌ಗೆ ಇದರಲ್ಲಿ ತಪ್ಪೇನಿಲ್ಲ. ಅದಲುಬದಲಾಗಲು ಇನ್ನೊಂದು ಇಲ್ಲವೇ ಇಲ್ಲವಲ್ಲ. ರಾಸ್ಪ್‌ಬೆರಿ ಪೈ ಕೂಡ ಈಥ್0, ಡಬ್ಲ್ಯುಲ್ಯಾನ್0 ಇಟ್ಟುಕೊಂಡೇ ಬರುತ್ತದೆ, ಬೇಕಾದರೆ ರಾಸ್ಪಿ-ಕಾನ್ಫಿಗ್‌ನಲ್ಲಿ ಬದಲಿಸಬಹುದು. ಎರಡು ಪೋರ್ಟಿನ ಫೈರ್‌ವಾಲ್‌ಗೆ ಮಾತ್ರ ಈ ದಾರಿ ಹಿಡಿಯಬೇಡಿ. ಟೈಪ್ ಮಾಡಲು ಸುಲಭ ಅನ್ನುವುದೇ ಕಾರಣ ಆಗಿದ್ದರೆ ವಾನ್0 ಅನ್ನುವುದೂ ನಾಲ್ಕೇ ಅಕ್ಷರ.

ಹೆಸರು ಬದಲಾಗಲಿಲ್ಲವಾ?

ಮೊದಲು "ಡಿಮೆಸೇಜ್" ಕಮಾಂಡಿನ ಉತ್ತರದಲ್ಲಿ "ರಿನೇಮ್ಡ್ ಫ್ರಂ" ಅನ್ನುವ ಮಾತು ಹುಡುಕಿ. ಕಮಾಂಡಿನ ಹೆಸರು ಡಿ, ಎಂ, ಇ, ಎಸ್, ಜಿ. ಯಾವ ಪೋರ್ಟ್ ಯಾವ ಹೆಸರಿನಿಂದ ಯಾವುದಕ್ಕೆ ಹೋಯಿತು ಅಂತ ಅಲ್ಲಿ ಸಿಗುತ್ತದೆ. ಎರಡು ಸಲ ಬದಲಾಗಿದ್ದರೆ ಇನಿಟ್‌ರಾಂಎಫ್‌ಎಸ್ ಒಳಗೆ ಹಳೇ ಫೈಲು ಉಳಿದಿದೆಯಾ ನೋಡಿ. ಒಂದು ಸಲವೂ ಬದಲಾಗದಿದ್ದರೆ ನಿಮ್ಮ ಲಿಂಕ್ ಫೈಲು ಹತ್ತಿದೆಯಾ ನೋಡಿ.

"ನೆಟ್‌ವರ್ಕ್‌ಸಿಟಿಎಲ್ ಸ್ಟೇಟಸ್" ಮುಂದೆ ಪೋರ್ಟಿನ ಹೆಸರು ಕೊಟ್ಟರೆ ಲಿಂಕ್ ಫೈಲ್ ಅನ್ನುವ ಸಾಲಿನಲ್ಲಿ ಯಾವ ಫೈಲು ಹತ್ತಿದೆ ಅಂತ ಬರುತ್ತದೆ. ಅಲ್ಲಿ ಇನ್ನೂ 99ರ ಫೈಲೇ ಕಂಡರೆ ನಿಮ್ಮ ಮ್ಯಾಚ್ ಹೊಂದಿಲ್ಲ ಅಂತ ಅರ್ಥ. ಹೆಚ್ಚಾಗಿ ಕಾರಣ ಪಾತ್ ಸಾಲು: ಅಲ್ಲಿ ಐಡಿ_ಪಾತ್‌ನಲ್ಲಿ ಇದ್ದದ್ದು ಹಾಗೇ ಬರಬೇಕು, ಹೆಕ್ಸ್ ಲೆಕ್ಕದಲ್ಲೇ. ಪೋರ್ಟಿನ ಹೆಸರು ನೋಡಿ 59 ಅಂತ ಹಾಕಿದ್ದರೆ ಅದನ್ನು 3ಬಿ ಮಾಡಿ, ಇನಿಟ್‌ರಾಂಎಫ್‌ಎಸ್ ಮತ್ತೆ ಕಟ್ಟಿ, ಇನ್ನೊಮ್ಮೆ ರೀಬೂಟ್ ಕೊಡಿ.